ತಿಮ್ಮನ ರಕ್ತದ ರಿಪೋರ್ಟು



ಹೋಳಿಗೆಯ ಹೂರಣ ನೀರಾದರೆ ಏನು ಮಾಡಬೇಕೆಂದು ಈ ಸಲ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆ ಮಾತು ಮುಂದಿನ ಸಂಚಿಕೆಗೆ ಹೋಯಿತು, ಬೇಸರಿಸಬೇಡಿ. ಯುಗಾದಿಯ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೇ ಒಬ್ಬ ಹುಡುಗ ಹತ್ತಿರ ಬಂದು ಮೊಬೈಲು ತೋರಿಸಿದ. ಪರದೆಯ ಮೇಲೆ ಒಂದು ರಕ್ತಪರೀಕ್ಷೆಯ ರಿಪೋರ್ಟು. ಅಲ್ಲಲ್ಲಿ ಕೆಂಪು ಬಾಣಗಳು. ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ.

"ಯಾರದಪ್ಪಾ ಇದು?" ಎಂದು ಗಾಬರಿಯಿಂದಲೇ ಕೇಳಿದೆ.

"ನಮ್ಮ ಬ್ರೂನೋದು ಆಂಟಿ. ಟಿಕ್ ಫೀವರ್ ಅಂತೆ. ಪ್ಲೇಟ್‌ಲೆಟ್ಸ್ ತುಂಬಾ ಕಮ್ಮಿ ಆಗಿದಾವೆ. ಮಮ್ಮಿ ಪಪ್ಪಾಯಿ ಎಲೆ ರಸ ಕೊಡೋಣ ಅಂತಿದಾರೆ. ಕೊಡಬಹುದಾ?"

ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ಉಳಿಯಿತು. ಎಂಟೊಂಬತ್ತು ವರ್ಷದ ಹಿಂದೆ ಇದೇ ಮಾದಾಪುರದ ನಮ್ಮ ಅಡುಗೆಮನೆಯಲ್ಲಿ ನಾನು ಪಪ್ಪಾಯಿ ಎಲೆ ಅರೆಯುತ್ತಿದ್ದದ್ದು ಕಣ್ಣ ಮುಂದೆ ಬಂತು. ಆ ಹುಡುಗನಿಗೆ ಅಲ್ಲೇ ನಿಂತು ನನಗೆ ತಿಳಿದಷ್ಟು ಹೇಳಿದೆ. ಆದರೆ ನಿಮ್ಮ ಮನೆಗಳಲ್ಲೂ ಲ್ಯಾಬ್ರಡಾರುಗಳು, ಪಗ್ಗುಗಳು, ಪಾಪ ಈ ಬಿಸಿಲಿನ ಊರಿನಲ್ಲಿ ಹಸ್ಕಿಗಳೂ ಇವೆ. ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ನೀವು ಬಿಸ್ಕತ್ತು ಹಾಕುವ ಬೀದಿನಾಯಿಗಳಿವೆ. ಆದ್ದರಿಂದ ಬರೆದೇ ಬಿಡೋಣ ಅನಿಸಿತು. ನಾನು ಡಾಕ್ಟರಲ್ಲ, ಬಿ.ಎ. ಇಂಗ್ಲಿಷ್ ಓದಿದವಳು. ಬ್ಲಡ್ ಮಾರ್ಕರ್ ಎಂಬ ಮಾತು ಮೊದಲು ಕೇಳಿದಾಗ ಬಿಳಿ ಹಲಗೆಯ ಮೇಲೆ ಬರೆಯುವ ಮಾರ್ಕರ್ ಪೆನ್ನೇ ನೆನಪಾದದ್ದು! ಈಗ ನನಗೆ ಗೊತ್ತಿರುವುದೆಲ್ಲ ಪೆಟ್ಟು ತಿಂದು, ಆಮೇಲೆ ಒಳ್ಳೆಯ ವೈದ್ಯರ ಮುಂದೆ ಕುಳಿತು ಪ್ರಶ್ನೆ ಕೇಳಿ ಕಲಿತದ್ದು.

ಮೊದಲು ತಿಮ್ಮನ ವಿಷಯ ಹೇಳಬೇಕು.

ತಿಮ್ಮ ನಮ್ಮ ಮನೆಯ ಹಿಂದೆ ಕಟ್ಟಡ ಕಟ್ಟುತ್ತಿದ್ದ ಕೂಲಿಯವರ ನಾಯಿ. ಕಟ್ಟಡ ಮುಗಿದು ಅವರು ಬೇರೆ ಕಡೆ ಹೋದರು, ನಾಯಿ ಉಳಿಯಿತು. ಬೆಲ್ಲದ ಬಣ್ಣ, ಒಂದು ಕಿವಿ ನಿಮಿರಿದ್ದು, ಒಂದು ಬಾಗಿದ್ದು. ಒಂದು ಮಳೆಯ ರಾತ್ರಿ ನಮ್ಮ ಮೆಟ್ಟಿಲ ಕೆಳಗೆ ಮಲಗಿದವನು ಬೆಳಿಗ್ಗೆ ಎದ್ದು ಹೋಗಲೇ ಇಲ್ಲ. ಮೂರು ವರ್ಷ ನಮ್ಮವನಾಗಿದ್ದ. ನಮ್ಮ ಯಜಮಾನರು ಸಂಜೆ ಬರುವ ಹೊತ್ತಿಗೆ ಸರಿಯಾಗಿ ಲಿಫ್ಟಿನ ಮುಂದೆ ಹೋಗಿ ಕೂರುತ್ತಿದ್ದ, ಯಾರೂ ಕಲಿಸಿರಲಿಲ್ಲ.

2017ರ ಮಳೆಗಾಲದಲ್ಲಿ ಅವನು ಊಟ ಬಿಟ್ಟ. ಮೈ ಕೆಂಡದ ಹಾಗೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ರಕ್ತ ತೆಗೆದು ಯಂತ್ರಕ್ಕೆ ಹಾಕಿದರು. ಪ್ಲೇಟ್‌ಲೆಟ್ 48 ಸಾವಿರ. ನಾಯಿಗೆ ಸಾಮಾನ್ಯವಾಗಿ ಸುಮಾರು ಎರಡು ಲಕ್ಷದಿಂದ ಐದು ಲಕ್ಷದವರೆಗೆ ಇರಬೇಕು. "ಟಿಕ್ ಫೀವರ್, ಈ ಮಾತ್ರೆ ಕೊಡಿ" ಎಂದರು. ಡಾಕ್ಸಿಸೈಕ್ಲಿನ್ ಮಾತ್ರೆ. ಅದೇ ಸಮಯದಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಬ್ಬರಿಗೆ ಡೆಂಗಿ ಆಗಿತ್ತು, ಮನೆ ಮನೆಯಲ್ಲೂ ಪ್ಲೇಟ್‌ಲೆಟ್ ಮಾತೇ ಮಾತು. ಎದುರು ಮನೆಯವರು ಪಪ್ಪಾಯಿ ಎಲೆ ತಂದುಕೊಟ್ಟರು. ನಾನೂ ಅರೆದು, ಸೋಸಿ, ಜೇನು ಬೆರೆಸಿ ತಿಮ್ಮನ ಬಾಯಿಗೆ ಹಾಕಿದೆ. ನಾಲ್ಕು ದಿನದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ 92 ಸಾವಿರ! ನಾನು ಊರಿಗೆಲ್ಲ ಫೋನು ಮಾಡಿ ಹೇಳಿದ್ದೇ ಹೇಳಿದ್ದು.

ಅದೇ ರಿಪೋರ್ಟಿನಲ್ಲಿ ಇನ್ನೊಂದು ಸಾಲಿತ್ತು. ಪಿ.ಸಿ.ವಿ. ಎಂದು. ಮೊದಲ ಸಲ 31, ಎರಡನೇ ಸಲ 22. ನಾನು ಅದನ್ನು ಓದಲಿಲ್ಲ. ಓದಿದ್ದರೂ ಅದೇನೆಂದು ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನು ನಾಲ್ಕು ದಿನಕ್ಕೆ ತಿಮ್ಮನ ವಸಡು ಬೆಳ್ಳಗೆ ಸುಣ್ಣದ ಹಾಗಾಯಿತು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಬೇರೆ ವೈದ್ಯರ ಹತ್ತಿರ ಓಡಿದೆವು. ಅವರು ಮೊದಲು ಮಾಡಿದ ಕೆಲಸವೆಂದರೆ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದು. ಕೆಂಪು ರಕ್ತಕಣಗಳ ಒಳಗೆ ಸಣ್ಣ ಸಣ್ಣ ಉಂಗುರಗಳು. ಬಬೀಸಿಯಾ. ಆ ದಿನ ಪಿ.ಸಿ.ವಿ. 11. ರಕ್ತ ಕೊಡುವ ಇನ್ನೊಂದು ನಾಯಿಗಾಗಿ ನಮ್ಮ ಯಜಮಾನರು ರಾತ್ರಿಯೆಲ್ಲ ಫೋನು ಮಾಡಿದರು. ಬೆಳಗಿನ ಜಾವ ತಿಮ್ಮ ಹೋದ.

ಆ ಎರಡು ರಿಪೋರ್ಟುಗಳು ಫ್ರಿಜ್ಜಿನ ಬಾಗಿಲಿಗೆ ಬಹಳ ದಿನ ಅಂಟಿಕೊಂಡೇ ಇದ್ದವು.

ಇನ್ನು ವಿಷಯಕ್ಕೆ ಬರುತ್ತೇನೆ. ನೀವೆಲ್ಲ ಟಿಕ್ ಎನ್ನುತ್ತೀರಿ. ನಿಮ್ಮ ತೆಲುಗು ಸ್ನೇಹಿತರು ಗೋಮಾರ್ಲು ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ಅದು ಉಣ್ಣೆ, ಮಲೆನಾಡಿನ ಕಡೆ ಉಣುಗು. ಉಲ್ಲನ್ನಿಗೂ ಉಣ್ಣೆ ಎನ್ನುತ್ತೇವೆ, ಗೊಂದಲ ಮಾಡಿಕೊಳ್ಳಬೇಡಿ! ಕೆಚ್ಚಲಿಗೇ ಅಂಟಿಕೊಂಡರೂ ಉಣ್ಣೆಗೆ ಬೇಕಾದದ್ದು ಹಾಲಲ್ಲ, ರಕ್ತ ಎಂದು ನಮ್ಮ ಹಿರಿಯರು ಆಡಿಕೊಳ್ಳುತ್ತಿದ್ದರು. ನಮ್ಮಜ್ಜಿ ಕೊಟ್ಟಿಗೆಯಲ್ಲಿ ದನದ ಮೈಯಿಂದ ಉಣ್ಣೆ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದರು. ಇದು ಹುಳುವಿನ ಜಾತಿಯದಲ್ಲ, ಎಂಟು ಕಾಲಿನದು, ಜೇಡನ ನೆಂಟ. ಶಿವಮೊಗ್ಗ ಜಿಲ್ಲೆಯ ಸೊರಬದ ಹತ್ತಿರ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವಲ್ಲ, ಆ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸಿದ್ದೂ ಕಾಡಿನ ಉಣುಗೇ. ಅದು ವೈರಸ್ಸಿನ ರೋಗ, ನಾನೀಗ ಹೇಳುತ್ತಿರುವುದು ಬೇರೆ.

ಮಾದಾಪುರದಲ್ಲಿ ಮೆಟ್ರೋ ಹತ್ತಿ ಅದೇ ನೀಲಿ ಲೈನಿನಲ್ಲಿ ಹೋದರೆ ಬೇಗಂಪೇಟೆ ಬರುತ್ತದೆ. ಹಳೆಯ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಒಂದು ಹಳೆಯ ಕಟ್ಟಡವಿದೆ, ರೊನಾಲ್ಡ್ ರಾಸ್ ಹೆಸರಿನದು. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಆ ಮಿಲಿಟರಿ ಡಾಕ್ಟರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡ. ಆ ಸೊಳ್ಳೆಗಳು ರಕ್ತ ಕುಡಿದದ್ದು ಹುಸೇನ್ ಖಾನ್ ಎಂಬ ರೋಗಿಯಿಂದ. ಕಚ್ಚಿಸಿಕೊಂಡದ್ದಕ್ಕೆ ಸೊಳ್ಳೆಗೊಂದು ಆಣೆ ಕೂಲಿ! ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಅವನಿಗೆ ಸೊಳ್ಳೆಯ ಗೀಳು ಹತ್ತಿದ್ದು ನಮ್ಮ ಬೆಂಗಳೂರಿನಲ್ಲಿ ಎನ್ನಬಹುದು. 1883ರಲ್ಲಿ ಅಲ್ಲಿ ಕೆಲಸಕ್ಕಿದ್ದಾಗ ಬಂಗಲೆಯ ನೀರಿನ ತೊಟ್ಟಿಯನ್ನು ಖಾಲಿ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತವೆ ಎಂದು ಗಮನಿಸಿದ್ದ.

ರಾಸ್‌ಗಿಂತ ನಾಲ್ಕು ವರ್ಷ ಮೊದಲೇ, 1893ರಲ್ಲಿ, ಅಮೆರಿಕಾದ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬಿಬ್ಬರು ದನಗಳ ಟೆಕ್ಸಾಸ್ ಜ್ವರವನ್ನು ಹರಡುವುದು ಉಣ್ಣೆ ಎಂದು ತೋರಿಸಿದ್ದರು. ಆ ಜ್ವರದ ರೋಗಾಣುವೇ ಬಬೀಸಿಯಾ. 1888ರಲ್ಲಿ ದನದ ರಕ್ತದಲ್ಲಿ ಅದನ್ನು ಕಂಡ ರುಮೇನಿಯಾದ ವಿಕ್ಟರ್ ಬಾಬೆಶ್ ಎಂಬವನ ಹೆಸರು ಅದಕ್ಕೆ ನಿಂತಿತು. ನಾಯಿಯ ಮಾತು ಬಂದರೆ ನಮ್ಮ ದಕ್ಷಿಣಕ್ಕೂ ಇದರಲ್ಲಿ ಪಾಲಿದೆ. 1910ರಲ್ಲಿ ಪ್ಯಾಟನ್ ಎಂಬ ವೈದ್ಯ ಮದ್ರಾಸ್ ಹಂಟ್ ಎಂಬ ಬೇಟೆಯ ಕೂಟದ ನಾಯಿಗಳ ರಕ್ತದಲ್ಲಿ ಒಂದು ಸಣ್ಣ ಜಾತಿಯ ಪರೋಪಜೀವಿಯನ್ನು ಕಂಡ, ಆಮೇಲೆ ನರಿಯ ರಕ್ತದಲ್ಲೂ ಅದೇ ಸಿಕ್ಕಿತು. ಅದೇ ಇಂದಿನ ಬಬೀಸಿಯಾ ಗಿಬ್ಸೋನಿ. ತಿಮ್ಮನನ್ನು ತಿಂದದ್ದು ಅದೇ.

ಬಬೀಸಿಯಾ ಮಲೇರಿಯಾದ ರೋಗಾಣುವಿನ ಹಾಗೆಯೇ ಕೆಂಪು ರಕ್ತಕಣದೊಳಗೆ ಹೊಕ್ಕು, ಅಲ್ಲೇ ಹೆಚ್ಚಿ, ಕಣವನ್ನು ಒಡೆದುಕೊಂಡು ಹೊರಬರುತ್ತದೆ. ಅದು ಒಡೆದದ್ದಕ್ಕಿಂತ ಹೆಚ್ಚು ಕಣಗಳನ್ನು ನಾಯಿಯ ದೇಹವೇ, ಇವು ಕೆಟ್ಟಿವೆ ಎಂದು ತಪ್ಪು ತಿಳಿದು, ನಾಶ ಮಾಡುವುದೂ ಉಂಟು. ಹಾಗಾಗಿ ಗಾಜಿನ ಪಟ್ಟಿಯಲ್ಲಿ ಉಂಗುರ ಹತ್ತೇ ಕಂಡರೂ ನಾಯಿ ಬೆಳ್ಳಗೆ ಬಿಳಿಚಿಕೊಂಡಿರಬಹುದು. ನಮ್ಮ ಕಡೆ ಉಣ್ಣೆ ತರುವ ಇನ್ನೊಂದು ರೋಗ ಎರ್ಲಿಕಿಯಾ. ಅದು ಪರೋಪಜೀವಿಯಲ್ಲ, ಒಂದು ಬ್ಯಾಕ್ಟೀರಿಯಾ, ಬಿಳಿ ರಕ್ತಕಣದೊಳಗೆ ಬಾಳುತ್ತದೆ. 1935ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ಗುರುತಿಸಿದರು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯ ನಾಯಿಗಳು ಅದರಿಂದ ಬಹಳ ಸತ್ತವು. ಡಾಕ್ಸಿಸೈಕ್ಲಿನ್ ಅದಕ್ಕೆ ಒಳ್ಳೆಯ ಮದ್ದು. ಬಬೀಸಿಯಾ ಗಿಬ್ಸೋನಿಯನ್ನು ಅದೊಂದೇ ಓಡಿಸಲಾರದು.

ಎರಡೂ ಕಾಯಿಲೆಗೆ ಜನ ಟಿಕ್ ಫೀವರ್ ಎಂಬ ಒಂದೇ ಹೆಸರಿಟ್ಟಿದ್ದಾರೆ. ಎರಡರಲ್ಲೂ ಜ್ವರ, ಎರಡರಲ್ಲೂ ಊಟ ಬಿಡುವುದು, ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುವುದು. ತಿಮ್ಮನಿಗೆ ಎರಡೂ ಇದ್ದಿರಬೇಕು ಎಂದು ಆ ಎರಡನೇ ವೈದ್ಯರು ಹೇಳಿದರು. ಮಾತ್ರೆ ಒಂದನ್ನು ಹಿಡಿಯಿತು, ಪ್ಲೇಟ್‌ಲೆಟ್ ಏರಿತು, ನಾನು ಪಪ್ಪಾಯಿಗೆ ಕೈಮುಗಿದೆ. ಇನ್ನೊಂದು ಒಳಗೊಳಗೇ ರಕ್ತ ಬರಿದು ಮಾಡುತ್ತಿತ್ತು. ಪಪ್ಪಾಯಿ ಎಲೆಯ ರಸ ಈ ಎರಡು ರೋಗಾಣುಗಳಲ್ಲಿ ಯಾವುದನ್ನೂ ಕೊಲ್ಲುವುದಿಲ್ಲ. ಊಟ ಬಿಟ್ಟ ನಾಯಿಯ ಬಾಯಿಗೆ ಅಷ್ಟು ಕಹಿಯನ್ನು ಹುಯ್ದದ್ದು ಬೇರೆ.

ಪ್ಲೇಟ್‌ಲೆಟ್ ಬಗ್ಗೆ ಇನ್ನೊಂದು ಮಾತು. ನೆನೆಸಿದ ಸಾಬೂದಾನಿ ಮುದ್ದೆ ಕಟ್ಟುವ ಹಾಗೆ ಅವು ಸೀಸೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರ ಮುದ್ದೆಯನ್ನು ಎಣಿಸಲಾರದೆ ಕಡಿಮೆ ಅಂಕಿ ಕೊಡುತ್ತದೆ. ಗಾಜಿನ ಪಟ್ಟಿಯಲ್ಲಿ ಕಣ್ಣಿನಿಂದ ನೋಡಿದರೆ ನಿಜ ತಿಳಿಯುತ್ತದೆ. ಕ್ಯಾವಲಿಯರ್ ಎಂಬ ಜಾತಿಯ ನಾಯಿಗಳಲ್ಲಂತೂ ಆರೋಗ್ಯವಿದ್ದಾಗಲೂ ಪ್ಲೇಟ್‌ಲೆಟ್ ಕಡಿಮೆಯೇ ಇರುತ್ತದಂತೆ. ಬಬೀಸಿಯಾದಲ್ಲಿ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದರೂ ರಕ್ತಸ್ರಾವವಾಗುವುದು ಅಪರೂಪ. ಅಂದರೆ ನಾವೆಲ್ಲ ಹೆದರಿ ಸಾಯುವ ಆ ಕೆಂಪು ಬಾಣ ನಾಯಿಯನ್ನು ಕೊಲ್ಲುವ ಬಾಣವಲ್ಲದೆ ಇರಬಹುದು!

ಪಿ.ಸಿ.ವಿ. ಅರ್ಥವಾಗಲು ಮಜ್ಜಿಗೆಯ ಲೋಟ ನೆನೆಸಿಕೊಳ್ಳಿ. ರಾತ್ರಿಯಿಡೀ ಇಟ್ಟರೆ ಗಟ್ಟಿ ಕೆಳಗೆ ಕೂತು ತಿಳಿ ಮೇಲೆ ನಿಲ್ಲುತ್ತದೆಯಲ್ಲ? ರಕ್ತವನ್ನು ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ಹಾಕಿ ಗಿರ್ರನೆ ತಿರುಗಿಸಿದರೂ ಹಾಗೆಯೇ. ಕೆಳಗೆ ಕೂತ ಕೆಂಪು ಭಾಗ ನೂರಕ್ಕೆ ಎಷ್ಟು ಎಂಬುದೇ ಪಿ.ಸಿ.ವಿ. ನಾಯಿಗೆ 37ರಿಂದ 55ರವರೆಗೆ ಇರಬೇಕು. ಮೇಲಿನ ತಿಳಿಯ ಬಣ್ಣವನ್ನೂ ಬಲ್ಲ ವೈದ್ಯರು ನೋಡುತ್ತಾರೆ. ಹಳದಿಯಾಗಿದ್ದರೆ ಕಾಮಾಲೆ, ಕೆಂಪಾಗಿದ್ದರೆ ರಕ್ತಕಣಗಳು ಒಳಗೇ ಒಡೆಯುತ್ತಿವೆ. ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಡ, ಒಂದು ಕೊಳವೆ, ಒಂದು ತಿರುಗಣೆ, ಎರಡು ಕಣ್ಣು ಸಾಕು. ಯಾಕೋ ಈಗೀಗ ಆ ಕಣ್ಣುಗಳ ಮೇಲಿನ ನಂಬಿಕೆ ನಮಗೆ ಕಡಿಮೆಯಾಗಿ, ಅಚ್ಚಾಗಿ ಬಂದ ಕಾಗದದ ಮೇಲೆ ಹೆಚ್ಚಾಗಿದೆ. ನಾನೂ ಆ ಸಾಲಿನವಳೇ.

ಇನ್ನು ಮೂರನೆಯದು ಸಿ.ಆರ್.ಪಿ. ಇದರ ಹೆಸರು ನಿಮಗೆ ಗೊತ್ತು. 2020, 2021ರ ಕೋವಿಡ್ ದಿನಗಳಲ್ಲಿ ಯಾರ ಮನೆಗೆ ಫೋನು ಮಾಡಿದರೂ ಚೆನ್ನಾಗಿದ್ದೀರಾ ಎಂಬುದಕ್ಕಿಂತ ಮೊದಲು ಸಿ.ಆರ್.ಪಿ. ಎಷ್ಟು ಎಂದು ಕೇಳುತ್ತಿದ್ದೆವಲ್ಲ! 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಆ ನ್ಯುಮೋನಿಯಾ ರೋಗಾಣುವಿನ ಮೈಯ ಸಿ ಎಂಬ ಅಂಶಕ್ಕೆ ಅಂಟಿಕೊಳ್ಳುವ ಪ್ರೋಟೀನಾದ್ದರಿಂದ ಆ ಹೆಸರು. ದೇಹದಲ್ಲಿ ಎಲ್ಲಿ ಬೆಂಕಿ ಬಿದ್ದರೂ ಯಕೃತ್ತು ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ.

ಎಲ್ಲ ಪ್ರಾಣಿಗಳಲ್ಲೂ ಹೀಗಲ್ಲ ಎಂಬುದು ನನಗೆ ಸೋಜಿಗವೆನಿಸಿತು. ನಾಯಿಯಲ್ಲಿ ಸಿ.ಆರ್.ಪಿ. ನಮ್ಮಲ್ಲಿಯಷ್ಟೇ ಜೋರಾಗಿ ಏರುತ್ತದೆ. ಬೆಕ್ಕಿನಲ್ಲಿ ಅದು ಕದಲುವುದೇ ಇಲ್ಲವೆನ್ನಬೇಕು, ಅದಕ್ಕೆ ಬೇರೆಯದೇ ಪ್ರೋಟೀನು ನೋಡಬೇಕು. ದನಕ್ಕೆ ಹ್ಯಾಪ್ಟೊಗ್ಲೋಬಿನ್ ಎಂಬುದು. ಆರೋಗ್ಯವಾದ ನಾಯಿಯಲ್ಲಿ ಸಿ.ಆರ್.ಪಿ. ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಮಿಗಿಂತ ಕಡಿಮೆ. ರೋಗ ಬಿದ್ದರೆ ಕೆಲವೇ ಗಂಟೆಗಳಲ್ಲಿ ಏರತೊಡಗಿ ಒಂದೆರಡು ದಿನದಲ್ಲಿ ನೂರನ್ನೂ ದಾಟಬಹುದು. ಇಳಿಯುವುದೂ ಅಷ್ಟೇ ಬೇಗ. ಅದರ ದೊಡ್ಡ ಗುಣವೇ ಅದು. ನಾಯಿಗೆ ಬಾಯಿಲ್ಲ, ಇವತ್ತು ವಾಸಿ ಎಂದು ಹೇಳಲಾರದು. ಬಾಲ ಅಲ್ಲಾಡಿಸಿದ್ದನ್ನು ನಂಬೋಣವೆಂದರೆ ತಿಮ್ಮ ಕೊನೆಯ ಸಂಜೆಯೂ ಬಾಲ ಅಲ್ಲಾಡಿಸಿದ್ದ.

ಆದರೆ ಸಿ.ಆರ್.ಪಿ. ಬೆಂಕಿ ಹತ್ತಿದೆ ಎನ್ನುತ್ತದೆಯೇ ಹೊರತು ಯಾವ ಕೋಣೆಯಲ್ಲಿ, ಯಾರು ಹಚ್ಚಿದರು ಎಂದು ಹೇಳುವುದಿಲ್ಲ. ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವಾದರೂ ಏರುತ್ತದೆ, ನ್ಯುಮೋನಿಯಾ ಆದರೂ ಏರುತ್ತದೆ, ಆಪರೇಷನ್ ಆದ ಮರುದಿನವೂ ಏರಿರುತ್ತದೆ. ಆದ್ದರಿಂದ ಸಿ.ಆರ್.ಪಿ. ನೋಡಿ ಇದು ಬಬೀಸಿಯಾ ಎನ್ನಲಾಗದು. ಇಷ್ಟು ಏರಿದೆ, ಇನ್ನು ಬದುಕುವುದಿಲ್ಲ ಎನ್ನಲೂ ಆಗದು. ದಕ್ಷಿಣ ಆಫ್ರಿಕಾದಲ್ಲಿ ಬಬೀಸಿಯಾದ ಇನ್ನೂ ಉಗ್ರವಾದ ಒಂದು ಜಾತಿಯಿದೆ, ಬಬೀಸಿಯಾ ರೋಸಿ ಎಂದು. ಅಲ್ಲಿನ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾಖಲಾದ ದಿನದ ಸಿ.ಆರ್.ಪಿ.ಯಿಂದ ಯಾವ ನಾಯಿ ಉಳಿಯುತ್ತದೆ, ಯಾವುದು ಸಾಯುತ್ತದೆ ಎಂದು ಗುರುತಿಸಲಾಗಲಿಲ್ಲ. ಆ ರೋಗದಲ್ಲಿ ಅಪಾಯದ ಗುರುತೆಂದರೆ ರಕ್ತದಲ್ಲಿ ಸಕ್ಕರೆ ಕುಸಿಯುವುದು, ಲ್ಯಾಕ್ಟೇಟ್ ಎಂಬುದು ಏರುವುದು. ಆದ್ದರಿಂದ ಮಕ್ಕಳೇ, ಒಂದು ದಿನದ ಒಂದು ಅಂಕಿ ಹಿಡಿದುಕೊಂಡು ಅಳುವುದೂ ಬೇಡ, ಕುಣಿಯುವುದೂ ಬೇಡ. ಇವತ್ತಿನದನ್ನು ನಾಲ್ಕು ದಿನದ ಹಿಂದಿನದರ ಪಕ್ಕ ಇಟ್ಟು ನೋಡಿ.

ಎರಡು ಚಿಕ್ಕ ಎಚ್ಚರಿಕೆ ಹೇಳಿಬಿಡುತ್ತೇನೆ. ಮನುಷ್ಯರ ರಕ್ತ ಪರೀಕ್ಷಿಸುವ ಲ್ಯಾಬಿಗೆ ನಾಯಿಯ ರಕ್ತ ಕೊಟ್ಟು ಸಿ.ಆರ್.ಪಿ. ಮಾಡಿಸಬೇಡಿ. ನಮ್ಮ ಪ್ರೋಟೀನಿಗೆಂದು ಮಾಡಿದ ಪರೀಕ್ಷೆ ನಾಯಿಯ ಪ್ರೋಟೀನನ್ನು ಸರಿಯಾಗಿ ಹಿಡಿಯದೆ ಹೋಗಬಹುದು. ನಾಯಿಗೆ ಸರಿಹೊಂದುತ್ತದೆ ಎಂದು ಪರಿಶೀಲಿಸಿದ ವಿಧಾನವೇ ಬೇಕು. ಇನ್ನೊಂದು, ಅಂಕಿಯ ಪಕ್ಕದ ಅಳತೆ ನೋಡಿ. ಕೆಲವರು ಲೀಟರಿಗೆ ಇಷ್ಟು ಎಂದು ಕೊಡುತ್ತಾರೆ, ಕೆಲವರು ಡೆಸಿಲೀಟರಿಗೆ. ಹತ್ತು ಪಟ್ಟು ವ್ಯತ್ಯಾಸ! 9 ಎಂದು ನೋಡಿ ಸಮಾಧಾನಪಟ್ಟದ್ದು ನಿಜವಾಗಿ 90 ಆಗಿರಬಹುದು. ಸಾರಿಗೆ ಉಪ್ಪು ಚಮಚದಲ್ಲೋ ಸೌಟಿನಲ್ಲೋ ಎಂದು ಕೇಳದೆ ಹಾಕುತ್ತೇವೆಯೇ?

ತಿಮ್ಮನ ನಂತರ ನಾಯಿಯೇ ಬೇಡ ಎಂದಿದ್ದೆ. ಮಗಳು ಬಿಡಲಿಲ್ಲ. ಬೀದಿಯಿಂದಲೇ ಒಂದು ಮರಿ ತಂದಳು, ಮಲ್ಲಿ. 2022ರ ಶ್ರಾವಣದಲ್ಲಿ ಮಲ್ಲಿ ಒಂದು ಬೆಳಿಗ್ಗೆ ಹಾಲನ್ನ ಮುಟ್ಟಲಿಲ್ಲ. ನಾನು ಮೊದಲು ತುಟಿ ಎತ್ತಿ ವಸಡು ನೋಡಿದೆ. ಇದನ್ನು ನೀವೂ ದಿನಕ್ಕೊಮ್ಮೆ ಹಲ್ಲುಜ್ಜಿಕೊಳ್ಳುವ ಹೊತ್ತಿಗೆ ಮಾಡಬಹುದು. ವಸಡು ಗುಲಾಬಿ ಬಣ್ಣವಿರಬೇಕು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, ಬಿಟ್ಟೊಡನೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮಲ್ಲಿಯ ವಸಡು ತೊಳೆದ ಬಟ್ಟೆಯ ಹಾಗೆ ಮಾಸಿತ್ತು. ಅವತ್ತೇ ಹೋದೆವು. "ಡಾಕ್ಟರೇ, ಸ್ಮಿಯರ್ ನೋಡುತ್ತೀರಾ?" ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಅವರು ನಕ್ಕು, ನೋಡದೆ ಬಿಡುತ್ತೇನೆಯೇ ಅಮ್ಮ ಎಂದರು. ಉಂಗುರಗಳು ಕಂಡವು. ಯಾವ ಜಾತಿಯೆಂದು ತಿಳಿಯಲು ಪಿ.ಸಿ.ಆರ್.ಗೂ ಕಳಿಸಿದರು. ದೊಡ್ಡ ಜಾತಿಯ ಬಬೀಸಿಯಾಕ್ಕೆ ಒಂದು ಚುಚ್ಚುಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಗಿಬ್ಸೋನಿಗೆ ಅದು ಅಷ್ಟು ಬಗ್ಗುವುದಿಲ್ಲ. ಅಟೊವಾಕ್ವೋನ್ ಮತ್ತು ಅಜಿತ್ರೊಮೈಸಿನ್ ಎಂಬ ಜೋಡಿ ಮದ್ದು ಹತ್ತು ದಿನ ಬೇಕು, ಅದು ದುಬಾರಿ. ಇವೆಲ್ಲ ವೈದ್ಯರು ತೂಕ ನೋಡಿ ನಿರ್ಧರಿಸುವ ಮದ್ದುಗಳು. ಯಾರ ಮನೆಯಲ್ಲೋ ಉಳಿದದ್ದನ್ನು ತಂದು ಕೊಡಬೇಡಿ.

ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಈ ಸಲ ಎಲ್ಲ ಬರೆದಿಟ್ಟೆ. ಮೊದಲ ದಿನ ಪಿ.ಸಿ.ವಿ. 27, ಪ್ಲೇಟ್‌ಲೆಟ್ 61 ಸಾವಿರ, ಸಿ.ಆರ್.ಪಿ. 104. ನಾಲ್ಕನೆಯ ದಿನ ಪ್ಲೇಟ್‌ಲೆಟ್ 90 ಸಾವಿರ, ಪಿ.ಸಿ.ವಿ. 23. ನನ್ನ ಕೈ ನಡುಗತೊಡಗಿತು. ತಿಮ್ಮನದೂ ಹೀಗೆಯೇ ಇತ್ತಲ್ಲ, ಒಂದು ಏರಿ, ಒಂದು ಇಳಿದು. ವೈದ್ಯರು ನನ್ನ ಪುಸ್ತಕವನ್ನೇ ನನ್ನ ಕಡೆ ತಿರುಗಿಸಿ ಮೂರನೆಯ ಅಂಕಿ ತೋರಿಸಿದರು. ಸಿ.ಆರ್.ಪಿ. 38. "ಬೆಂಕಿ ಆರುತ್ತಿದೆ ಅಮ್ಮ. ರಕ್ತ ತುಂಬುವುದು ಮಾತ್ರ ನಿಧಾನ" ಎಂದರು. ಮೂಳೆಯೊಳಗಿನ ಮಜ್ಜೆಗೆ ಹೊಸ ಕೆಂಪುಕಣಗಳನ್ನು ತಯಾರಿಸಿ ಹೊರಗೆ ಕಳಿಸಲು ಮೂರರಿಂದ ಐದು ದಿನ ಹಿಡಿಯುತ್ತದಂತೆ. ಗಾಜಿನ ಪಟ್ಟಿಯಲ್ಲಿ ಆಗಲೇ ಎಳೆಯ ಕಣಗಳು ಕಾಣಿಸತೊಡಗಿದ್ದವು, ನನ್ನನ್ನೂ ಕರೆದು ತೋರಿಸಿದರು. ಸ್ವಲ್ಪ ದೊಡ್ಡವು, ತುಸು ನೀಲಿ ಛಾಯೆಯವು. ಹನ್ನೊಂದನೆಯ ದಿನ ಪಿ.ಸಿ.ವಿ. 28, ಸಿ.ಆರ್.ಪಿ. ಹತ್ತರ ಒಳಗೆ. ಆ ಸಂಜೆ ಮಲ್ಲಿ ನನ್ನ ತಟ್ಟೆಯಿಂದ ಚಪಾತಿ ಕದ್ದಳು.

ಅವಳು ವಾಸಿಯಾದಳೇ ಎಂದರೆ ಹೌದು, ಆದರೆ ಪೂರ್ತಿಯಾಗಿ ಎನ್ನಲಾಗದು. ಗಿಬ್ಸೋನಿ ಒಮ್ಮೆ ಬಂದರೆ ಮದ್ದಿನ ನಂತರವೂ ಮೈಯ ಮೂಲೆಯಲ್ಲೆಲ್ಲೋ ಸ್ವಲ್ಪ ಉಳಿದಿರಬಹುದು. ದೇಹ ಸೋತಾಗ ಮತ್ತೆ ತಲೆ ಎತ್ತುತ್ತದೆ. ಆದ್ದರಿಂದ ಮಲ್ಲಿ ಬೇರೆ ನಾಯಿಗೆ ರಕ್ತ ಕೊಡುವ ಹಾಗಿಲ್ಲ. ರಕ್ತದಿಂದ, ಜಗಳದ ಕಡಿತದಿಂದ, ತಾಯಿಯಿಂದ ಹೊಟ್ಟೆಯೊಳಗಿನ ಮರಿಗೂ ಇದು ದಾಟುತ್ತದೆ. ತಿಮ್ಮನಿಗೆ ರಕ್ತ ಹುಡುಕಿದ ಆ ರಾತ್ರಿ ನೆನಪಾಗಿ, ನಮ್ಮಿಂದ ಯಾರಿಗೂ ಕೊಡಲಾಗುವುದಿಲ್ಲವಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ನಿಮ್ಮ ನಾಯಿ ಆರೋಗ್ಯವಾಗಿ ದಷ್ಟಪುಷ್ಟವಾಗಿದ್ದರೆ ನಿಮ್ಮ ವೈದ್ಯರ ಹತ್ತಿರ ಹೆಸರು ಬರೆಸಿಡಿ. ಯಾರಿಗಾದರೂ ಒಂದು ರಾತ್ರಿ ಬೇಕಾಗುತ್ತದೆ. ನಾಯಿಯ ಈ ಬಬೀಸಿಯಾ ನಮಗೆ ಅಂಟುವ ರೋಗವಲ್ಲ ಎಂದೇ ವೈದ್ಯರು ಹೇಳುತ್ತಾರೆ, ಮನೆಯಲ್ಲಿ ಅಜ್ಜಿ ತಾತ ಹೆದರಿದರೆ ಸಮಾಧಾನ ಮಾಡಿ.

ಉಣ್ಣೆಯ ವಿಷಯ ಒಂದಿಷ್ಟು ಹೇಳಿ ಮುಗಿಸುತ್ತೇನೆ. ಕಂದು ಬಣ್ಣದ ನಾಯಿ ಉಣ್ಣೆ ಕಾಡಿನಲ್ಲಷ್ಟೇ ಅಲ್ಲ, ನಮ್ಮ ಹನ್ನೆರಡನೆಯ ಮಹಡಿಯ ಫ್ಲಾಟಿನಲ್ಲೂ ಸಂಸಾರ ಹೂಡಬಲ್ಲದು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು, ಗೋಡೆಯ ಬಿರುಕು, ಸೋಫಾದ ಸಂದು ಹುಡುಕಿಕೊಂಡು ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿಗೆ ಮದ್ದು ಹಾಕಿ ಮನೆಯನ್ನು ಬಿಟ್ಟರೆ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕೊಡುವ ಒಳ್ಳೆಯ ಮಾತ್ರೆಗಳು ಈಗ ಬಂದಿವೆ, ವೈದ್ಯರನ್ನು ಕೇಳಿ. ಬಬೀಸಿಯಾ ನಾಯಿಗೆ ದಾಟಲು ಉಣ್ಣೆ ಸಾಮಾನ್ಯವಾಗಿ ಎರಡು ಮೂರು ದಿನ ಕಚ್ಚಿಕೊಂಡಿರಬೇಕು. ಎರ್ಲಿಕಿಯಾಕ್ಕೆ ಕೆಲವೇ ಗಂಟೆ ಸಾಕು. ದಿನಾ ಸಂಜೆ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಕೈಯಾಡಿಸಿ. ಸಿಕ್ಕರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಿನಿಂದ ಹಿಸುಕಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ನಮ್ಮಜ್ಜಿಯ ಸೀಮೆಎಣ್ಣೆ ಕಿತ್ತ ಉಣ್ಣೆಗೆ ಮಾತ್ರ, ನಾಯಿಯ ಮೈಗಲ್ಲ.

ಅಂದಹಾಗೆ, ಯುಗಾದಿಯ ಆ ಹುಡುಗ ಮರುದಿನವೇ ಬ್ರೂನೋವನ್ನು ಕರೆದುಕೊಂಡು ಹೋಗಿ ಸ್ಮಿಯರ್ ಮಾಡಿಸಿದ. ಉಂಗುರ ಕಾಣಲಿಲ್ಲ, ಎರ್ಲಿಕಿಯಾ ಮಾತ್ರ ಎಂದು ಪಿ.ಸಿ.ಆರ್. ಹೇಳಿತು. ಅವನಿಗೆ ಡಾಕ್ಸಿಸೈಕ್ಲಿನ್ನೇ ಸರಿಯಾದ ಮದ್ದಾಯಿತು, ಇಪ್ಪತ್ತೆಂಟು ದಿನ. ನಾಲ್ಕು ದಿನಕ್ಕೊಮ್ಮೆ ನನಗೆ ಮೂರು ಅಂಕಿ ಕಳಿಸುತ್ತಿದ್ದಾನೆ, ಮೂರನ್ನೂ ಒಂದೇ ಸಾಲಿನಲ್ಲಿ. ಮೊನ್ನೆ ಪಿ.ಸಿ.ವಿ. 39 ಇತ್ತು. ಅದರ ಕೆಳಗೆ ಕನ್ನಡದಲ್ಲೇ ಬರೆದಿದ್ದ: "ಆಂಟಿ, ಇವತ್ತು ಒಂದೂ ಉಣ್ಣೆ ಸಿಗಲಿಲ್ಲ." ಎರಡು ಣ ಸರಿಯಾಗಿ ಬಂದಿತ್ತು. ಅವನ ತಾಯಿಯೂ ಸಂಜೆ ಫೋನು ಮಾಡಿದ್ದರು, ತಂದಿಟ್ಟ ಪಪ್ಪಾಯಿ ಎಲೆ ಫ್ರಿಜ್ಜಿನಲ್ಲಿ ಹಾಗೆಯೇ ಇದೆ, ಏನು ಮಾಡಲಿ ಎಂದು.